40 ಎಕರೆಯಲ್ಲಿ ಒಂದು ಮರ: ವಿಸ್ಕಾನ್ಸಿನ್ ಕಾಡಿನಲ್ಲಿ ಟ್ರೀ ಸ್ಟ್ಯಾಂಡ್‌ಗೆ ಜಾಗ ಗೊತ್ತು ಮಾಡಿದ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ ವರ್ನನ್ ಕೌಂಟಿ ಇದೆ. ಅಲ್ಲಿ ನನ್ನ ಗೆಳೆಯನೊಬ್ಬ 40 ಎಕರೆ ಕಾಡು ಕೊಂಡ. ಮಲೆನಾಡಿನವನು, ಕೆಲಸ ಇದೇ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ. ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವುದನ್ನು ಇಲ್ಲಿಗೆ ಬಂದ ಮೇಲೆ ಕಲಿತವನು. ನನ್ನನ್ನು ಅವನು ಕರೆದದ್ದು ಒಂದೇ ಪ್ರಶ್ನೆಗೆ. ಸ್ಟ್ಯಾಂಡ್ ಯಾವ ಮರಕ್ಕೆ ಕಟ್ಟೋದು?

ಟ್ರೀ ಸ್ಟ್ಯಾಂಡ್ ಅಂದರೆ ಮರದ ಕಾಂಡಕ್ಕೆ ಪಟ್ಟಿ ಬಿಗಿದು ನಿಲ್ಲಿಸುವ ಚಿಕ್ಕ ಪೀಠ. ಒಬ್ಬರು ಕೂರುವಷ್ಟು ಜಾಗ, ಕಾಲಿಡಲು ಒಂದು ಜಾಲರಿ ಹಲಗೆ, ಅಷ್ಟೇ. ನೆಲದಿಂದ 15ರಿಂದ 20 ಅಡಿ ಮೇಲೆ ಕೂತು ಕಾಯುತ್ತಾರೆ. ನಮ್ಮ ಕಡೆ ಗದ್ದೆ ಕಾಯಲು ಅಟ್ಟಣೆ ಕಟ್ಟುತ್ತಾರಲ್ಲ, ಅದಕ್ಕೆ ಇದು ದೂರದ ನೆಂಟ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಅದು ಹಾಗೇ ಇರಬೇಕು ಅಂತಲೇ ನಾನೂ ನಂಬಿದ್ದೇನೆ. ವಿಸ್ಕಾನ್ಸಿನ್ ಕಥೆ ಬೇರೆ. ಇಲ್ಲಿ ಬಿಳಿಬಾಲದ ಜಿಂಕೆ ತುಂಬ ಜಾಸ್ತಿ. ತೋಳಗಳು ಹೆಚ್ಚಾಗಿ ಇರುವುದು ರಾಜ್ಯದ ಉತ್ತರ ಮತ್ತು ಮಧ್ಯ ಭಾಗದ ಕಾಡುಗಳಲ್ಲಿ. ದಕ್ಷಿಣದ ಹೊಲ-ಕಾಡುಗಳ ನಡುವೆ ಜಿಂಕೆಯ ಸಂಖ್ಯೆ ಹಿಡಿತದಲ್ಲಿ ಇಡುವ ಕೆಲಸ ಬಹುಪಾಲು ಪರವಾನಗಿ ಪಡೆದ ಬೇಟೆಗಾರರದ್ದು. ಬಿಲ್ಲಿನ ಋತು ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ಬಂದೂಕಿನ ಮುಖ್ಯ ಋತು ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ 9 ದಿನ.

ಇನ್ನೊಂದು ವಿಷಯ ಮೊದಲೇ ಹೇಳಬೇಕು. 2002ರಲ್ಲಿ ಈ ರಾಜ್ಯದ ಕಾಡು ಜಿಂಕೆಗಳಲ್ಲಿ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ಮಿದುಳಿನ ಕಾಯಿಲೆ ಪತ್ತೆಯಾಯಿತು. ಒಂದು ಜಿಂಕೆಯಿಂದ ಇನ್ನೊಂದಕ್ಕೆ ಹರಡುತ್ತದೆ, ಔಷಧಿ ಇಲ್ಲ. ಕಾಯಿಲೆ ಇರುವ ಕೌಂಟಿಗಳಲ್ಲಿ ಜೋಳ, ಸೇಬು ಸುರಿದು ಜಿಂಕೆ ಕರೆಯುವುದನ್ನು ನಿಷೇಧಿಸಿದ್ದಾರೆ. ಮೇವು ಹಾಕಿದ ಕಡೆ ಹತ್ತಾರು ಜಿಂಕೆ ಒಂದೇ ಕಡೆ ಬಾಯಿ ಹಾಕುತ್ತವೆ, ಕಾಯಿಲೆ ಹಬ್ಬುತ್ತದೆ. ಹಾಗಾಗಿ ಗೆಳೆಯನ ಜಾಗದಲ್ಲಿ ಆಮಿಷದ ಮಾತೇ ಇಲ್ಲ. ಜಿಂಕೆ ತಾನಾಗಿ ಎಲ್ಲಿ ನಡೆಯುತ್ತದೋ ಅಲ್ಲಿ ನಾವು ಇರಬೇಕು. ಎಲ್ಲಾ ಭಾರ ಜಾಗದ ಆಯ್ಕೆಯ ಮೇಲೇ ಬೀಳುತ್ತದೆ.

ಜಾಗ ಹೇಗಿದೆ

ಹಿಮಯುಗದಲ್ಲಿ ಈ ಭಾಗದ ಸುತ್ತಮುತ್ತ ಎಲ್ಲಾ ಕಡೆ ಮಂಜಿನ ಹಾಳೆ ಹರಿದು ನೆಲವನ್ನು ಸಪಾಟು ಮಾಡಿತು. ಇದೊಂದು ತುಂಡು ಮಾತ್ರ ತಪ್ಪಿಸಿಕೊಂಡಿತು. ಇದನ್ನು ಡ್ರಿಫ್ಟ್‌ಲೆಸ್ ಪ್ರದೇಶ ಅನ್ನುತ್ತಾರೆ. ಕಡಿದಾದ ಗುಡ್ಡ, ಆಳದ ಕಣಿವೆ, ತಳದಲ್ಲಿ ತಣ್ಣನೆಯ ಹಳ್ಳ. ಗುಡ್ಡದ ನೆತ್ತಿ ಮಟ್ಟಸವಾಗಿರುವುದರಿಂದ ಅಲ್ಲಿ ಹೊಲ. ಇಳಿಜಾರಿನಲ್ಲಿ ಉಳುಮೆ ಆಗದ ಕಾರಣ ಅಲ್ಲಿ ಕಾಡು.

ಗೆಳೆಯನ 40 ಎಕರೆ ಪೂರಾ ಚೌಕ, ಒಂದೊಂದು ಬದಿ 1320 ಅಡಿ. ಇಲ್ಲಿ ಹಳೆಯ ಸರ್ಕಾರಿ ಸರ್ವೆ ಭೂಮಿಯನ್ನು ಹಾಗೇ ಚೌಕ ಚೌಕವಾಗಿ ಹೋಳು ಮಾಡಿದೆ. ಬೇಟೆಗೆ ಇದು ದೊಡ್ಡ ಜಾಗ ಏನಲ್ಲ. ನಡುವೆ ನಿಂತರೆ ಯಾವ ಬೇಲಿಗೂ 660 ಅಡಿ. ಜಿಂಕೆಯನ್ನು ಒಮ್ಮೆ ಬೆದರಿಸಿದರೆ ಅದು ಪಕ್ಕದವರ ಜಮೀನಿಗೆ ಹೋಗಿಬಿಡುತ್ತದೆ. ಬಾಣ ತಗುಲಿದ ಜಿಂಕೆ ಬೇಲಿ ದಾಟಿದರೂ, ಆ ಜಮೀನಿನವರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ನಾವು ಮರ ಹುಡುಕುವಾಗ ಇದು ಪ್ರತಿ ಹೆಜ್ಜೆಗೂ ತಲೆಯಲ್ಲಿತ್ತು.

ಉತ್ತರದ ಗಡಿಯಲ್ಲಿ ಗುಡ್ಡದ ನೆತ್ತಿ, ಅದರ ಮೇಲೆ ಪಕ್ಕದವರ ಮೆಕ್ಕೆಜೋಳದ ಹೊಲ. ಅಲ್ಲಿಂದ ದಕ್ಷಿಣಕ್ಕೆ ಇಳಿಜಾರು ಕಾಡು. ಓಕ್, ಹಿಕರಿ, ಮೇಪಲ್, ಬಾಸ್‌ವುಡ್, ಸತ್ತು ನಿಂತ ಆಶ್ ಮರಗಳು. ತಳದಲ್ಲಿ ಹಳ್ಳ, ಹಳ್ಳದಾಚೆ ರಸ್ತೆ. ಇಡೀ ಜಾಗದ ನಡುಮಧ್ಯೆ, ಹೊಲದ ಅಂಚಿಗೆ ಸ್ವಲ್ಪ ಕೆಳಗಿನಿಂದ ಹಳ್ಳದವರೆಗೆ, ಒಂದು ಆಳದ ಕೊರಕಲು. ಹಿಂದೆ ಯಾವಾಗಲೋ ಮೇಲಿನ ಹೊಲದ ನೀರು ಹರಿದು ಕೊಚ್ಚಿದ ಗಾಯ ಅದು. ಕೆಲವು ಕಡೆ ಎರಡಾಳು ಆಳ, ಬದಿಗಳು ಗೋಡೆಯಷ್ಟು ಕಡಿದು. ಮೊದಲ ನೋಟಕ್ಕೆ ಗೆಳೆಯನಿಗೆ ಅದು ಜಮೀನಿನ ದೋಷ ಅನ್ನಿಸಿತ್ತು.

ನಾವು ನೋಡಲು ಹೋದದ್ದು ಮಾರ್ಚ್‌ನಲ್ಲಿ, ಮಂಜು ಕರಗಿದ ತಕ್ಷಣ. ಜಾಗ ಓದಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಎಲೆ ಇರುವುದಿಲ್ಲ, ಹುಲ್ಲು ಎದ್ದಿರುವುದಿಲ್ಲ. ಹಿಂದಿನ ಶರತ್ಕಾಲದ ಜಾಡು, ಗಂಡು ಜಿಂಕೆ ಕೊಂಬು ಉಜ್ಜಿದ ಮರಗಳು, ಕಾಲಿನಿಂದ ಕೆರೆದ ನೆಲ, ಎಲ್ಲಾ ಹಾಗೇ ಕಾಣುತ್ತವೆ. ನಮ್ಮ ಓಡಾಟಕ್ಕೆ ಜಿಂಕೆ ಬೆದರಿದರೂ ಋತು ಶುರುವಾಗುವ ಹೊತ್ತಿಗೆ ಮರೆತಿರುತ್ತದೆ. ಅಕ್ಟೋಬರ್‌ನಲ್ಲಿ ಕಾಡೆಲ್ಲಾ ಸುತ್ತಿ ಜಾಗ ಹುಡುಕುವವರು ತಾವು ಕಾಯಬೇಕಾದ ಜಿಂಕೆಯನ್ನು ತಾವೇ ಓಡಿಸುತ್ತಾರೆ.

ಕೈಬಿಟ್ಟ ಮೂರು ಜಾಗ

ಮೊದಲನೆಯದು ಹೊಲದ ಅಂಚಿನ ಓಕ್. ಹಿಂದಿನ ಮಾಲೀಕರು ಅಲ್ಲಿ ಏಣಿ ಸ್ಟ್ಯಾಂಡ್ ಬಿಟ್ಟು ಹೋಗಿದ್ದರು. ಗುರುತುಗಳ ಲೆಕ್ಕದಲ್ಲಿ ಇಡೀ ಜಾಗದಲ್ಲಿ ಇದೇ ಶ್ರೀಮಂತ. ಮೂರು ಜಾಡು ಬಂದು ಒಂದೇ ಕಡೆ ಹೊಲಕ್ಕೆ ಸೇರುತ್ತಿದ್ದವು. ಹಿಕ್ಕೆ ರಾಶಿ ರಾಶಿ. ತಗ್ಗಿದ ಕೊಂಬೆಯ ಕೆಳಗೆ ದೊಡ್ಡದೊಂದು ಕೆರೆದ ಜಾಗ, ಮೇಲೆ ನೆಕ್ಕಿ ಮುರಿದ ರೆಂಬೆಯ ತುದಿ. ಗೆಳೆಯ "ಇನ್ನೇನು ಬೇಕು?" ಅಂದ.

ಗಾಳಿ ಬೇಕಿತ್ತು. ಇಲ್ಲಿ ಶರತ್ಕಾಲದಲ್ಲಿ ಚಳಿ ಬೀಸಿ ಬರುವ ಒಳ್ಳೆಯ ಬೇಟೆ ದಿನಗಳಲ್ಲಿ ಗಾಳಿ ಹೆಚ್ಚಾಗಿ ವಾಯುವ್ಯದಿಂದ. ಅಂಥ ದಿನ ಜಿಂಕೆಗಳು ಗುಡ್ಡದ ಮರೆಯ ಬದಿಯಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ ಮಲಗುತ್ತವೆ. ಬೆನ್ನ ಹಿಂದಿನ ಅಪಾಯವನ್ನು ಗಾಳಿ ತಂದು ಮೂಗಿಗೆ ಕೊಡುತ್ತದೆ, ಮುಂದಿನ ಇಳಿಜಾರನ್ನು ಕಣ್ಣು ನೋಡಿಕೊಳ್ಳುತ್ತದೆ. ಗೆಳೆಯನ ದಕ್ಷಿಣ ಇಳಿಜಾರು ಅದಕ್ಕೇ ಹೇಳಿ ಮಾಡಿಸಿದ್ದು, ಮೇಲಿಂದ ಬಿಸಿಲೂ ಸಿಗುತ್ತದೆ. ಈಗ ಹೊಲದ ಅಂಚಿನ ಓಕ್ ಮೇಲೆ ಕೂತರೆ ವಾಯುವ್ಯದ ಗಾಳಿ ನಮ್ಮ ವಾಸನೆಯನ್ನು ಹೊತ್ತು ನೇರ ಅವು ಮಲಗಿರುವ ಕಡೆಗೇ ಸುರಿಯುತ್ತದೆ. ಅವು ಏಳುವ ಮೊದಲೇ ಆಟ ಮುಗಿದಿರುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ವಾಪಸ್ ಬರುವುದು. ಹೊಲದ ಅಂಚಿಗೆ ಜಿಂಕೆ ಬರುವುದೇ ಕಡೇ ಬೆಳಕಿನಲ್ಲಿ. ಕತ್ತಲಾದ ಮೇಲೆ ಹೊಲದ ತುಂಬ ಜಿಂಕೆ ಮೇಯುತ್ತಿರುತ್ತವೆ, ನಾವು ಮರದ ಮೇಲೆ ಸಿಕ್ಕಿಬಿದ್ದಿರುತ್ತೇವೆ. ಇಳಿದರೆ ಎಲ್ಲವೂ ನೋಡುತ್ತವೆ. ಹೀಗೆ ಕೆಲವು ಸಲ ಆದರೆ ಸಾಕು, ಮರಿಗಳ ಜೊತೆ ಬರುವ ಹಿರಿಯ ಹೆಣ್ಣು ಜಿಂಕೆ ಹೊಲಕ್ಕೆ ಕಾಲಿಡುವ ಮೊದಲು ತಲೆ ಎತ್ತಿ ಆ ಮರವನ್ನೇ ನೋಡಲು ಕಲಿಯುತ್ತದೆ. ಅಂಥ ಮರಗಳನ್ನು ನಾನು ನೋಡಿದ್ದೇನೆ. ಏಣಿ ಇನ್ನೂ ಗಟ್ಟಿಯಾಗಿರುತ್ತದೆ, ಆದರೆ ಸ್ಟ್ಯಾಂಡ್ ಸತ್ತಿರುತ್ತದೆ.

ಎರಡನೆಯದು ಪಶ್ಚಿಮದ ಮೂಲೆಯ ಏಣು. ಇಳಿಜಾರಿನಿಂದ ಮೂಗಿನಂತೆ ಚಾಚಿದ ತುದಿಯಲ್ಲಿ ಒತ್ತಿದ ಎಲೆಗಳ ಅಂಡಾಕಾರದ ಹಾಸಿಗೆ. ಸುತ್ತ ಕಣಕಾಲಿಗಿಂತ ದಪ್ಪದ ಮರಗಳಿಗೂ ಕೊಂಬು ಉಜ್ಜಿದ ಗಾಯ. ದೊಡ್ಡ ಗಂಡು ಮಲಗುವ ಜಾಗ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ನೋಡಿದವರ ಎದೆ ಜೋರಾಗಿ ಬಡಿದುಕೊಳ್ಳುವಂಥ ಜಾಗ. ಆದರೆ ಅದು ಆ ಗಂಡು ತನಗಾಗಿ ಆರಿಸಿಕೊಂಡ ಕೋಟೆ. ಅಲ್ಲಿಂದ ಅದಕ್ಕೆ ಹಳ್ಳ ಕಾಣುತ್ತದೆ, ರಸ್ತೆಯಲ್ಲಿ ನಿಲ್ಲುವ ಕಾರು ಕಾಣುತ್ತದೆ. ಅದರ ಬಿಲ್ಲಿನಳತೆಯೊಳಗೆ ಮರ ಹತ್ತುವುದು ಅಂದರೆ ಅದು ಮನೆಯಲ್ಲಿರುವಾಗಲೇ ಬಾಗಿಲಿಗೆ ಬೀಗ ಹಾಕಲು ಹೋದಂತೆ. 40 ಎಕರೆಯಲ್ಲಿ ಇಂಥ ಒಂದು ಜಾಗವನ್ನಾದರೂ ಮುಟ್ಟದೆ ಬಿಡಬೇಕು. ಜಿಂಕೆ ನೆಮ್ಮದಿಯಾಗಿ ಮಲಗುವ ಜಾಗ ಉಳಿದರೆ ತಾನೇ ಅದು ನಮ್ಮ ಜಮೀನಿನಲ್ಲಿ ಉಳಿಯುವುದು?

ಮೂರನೆಯದು ಹಳ್ಳ ದಾಟುವ ಜಾಗ. ರಸ್ತೆಗೆ ಹತ್ತಿರ, ಹೋಗಿ ಬರುವುದು ಸುಲಭ. ಆದರೆ ಕಣಿವೆಯ ತಳದಲ್ಲಿ ಗಾಳಿಗೆ ನಿಯತ್ತು ಇಲ್ಲ. ಎರಡೂ ಗುಡ್ಡಕ್ಕೆ ಬಡಿದು ಸುತ್ತುತ್ತದೆ, ಒಂದು ನಿಮಿಷ ಎಡಕ್ಕೆ, ಮರು ನಿಮಿಷ ಬಲಕ್ಕೆ. ಅಲ್ಲಿನ ಹೆಜ್ಜೆಗಳೂ ಹೆಚ್ಚಾಗಿ ರಾತ್ರಿಯವೇ ಇರಬೇಕು ಅಂತ ನಮಗೆ ಅನ್ನಿಸಿತು, ರಸ್ತೆಯ ಓಡಾಟ ಅಷ್ಟು ಹತ್ತಿರ.

ಕೊರಕಲಿನ ತಲೆ

ಉಳಿದದ್ದು ಯಾರೂ ನೋಡದ ಜಾಗ. ಜಮೀನಿನ ದೋಷ ಅಂದುಕೊಂಡ ಕೊರಕಲು.

ಜಿಂಕೆ ಇಳಿಜಾರಿನಲ್ಲಿ ಪೂರ್ವ-ಪಶ್ಚಿಮ ಓಡಾಡುವಾಗ ಈ ಕೊರಕಲು ಅಡ್ಡ ಬರುತ್ತದೆ. ಮಧ್ಯದಲ್ಲಿ ಇಳಿದು ಹತ್ತಬಹುದು, ಜಿಂಕೆಗೆ ಅದೇನೂ ಕಷ್ಟ ಅಲ್ಲ. ಆದರೆ ಸುಮ್ನೆ ಶಕ್ತಿ ಯಾಕೆ ಖರ್ಚು ಮಾಡಬೇಕು? ಅದು ಸುತ್ತಿ ಹೋಗುತ್ತದೆ. ಕೊರಕಲು ಶುರುವಾಗುವ ತಲೆಯ ಭಾಗಕ್ಕೂ ಮೇಲಿನ ಹೊಲದ ಅಂಚಿಗೂ ನಡುವೆ ಒಂದು ಕಿರಿದಾದ ಮಟ್ಟ ಜಾಗ ಇತ್ತು. ಇಳಿಜಾರಿನ ಎರಡೂ ಬದಿಯ ಜಾಡುಗಳು ಕೊರಕಲಿನ ತಲೆ ಸುತ್ತಿ ಬಾಗಿ ಅಲ್ಲಿ ಬಂದು ಒಂದಾಗಿದ್ದವು. ಫೋನಿನ ನಕ್ಷೆಯಲ್ಲಿ ಲೈಡಾರ್ ಪದರ ಹಾಕಿದಾಗ, ಮರಗಳನ್ನೆಲ್ಲಾ ತೆಗೆದು ಬರೀ ನೆಲ ತೋರಿಸುವ ಆ ಬೂದು ಚಿತ್ರದಲ್ಲಿ, ಈ ಬಾಗು ಎದ್ದು ಕಾಣುತ್ತಿತ್ತು. ನೆಲದ ಮೇಲೆ ಜಾಡು ಅಷ್ಟೇನೂ ಜೋರಾಗಿ ಇರಲಿಲ್ಲ. ಹೊಲದ ಅಂಚಿನ ಜಾಡಿನ ಪಕ್ಕದಲ್ಲಿ ಇದು ಬಡವ. ಕೆರೆದ ಗುರುತು ಇಲ್ಲ, ಉಜ್ಜಿದ ಮರ ಒಂದೋ ಎರಡೋ.

ಆದರೆ ಗುರುತು ಜಾಸ್ತಿ ಇರುವ ಜಾಗ ಬೇರೆ, ಬೆಳಕಿದ್ದಾಗ ಜಿಂಕೆ ನಡೆಯುವ ಜಾಗ ಬೇರೆ. ಮಲಗುವ ಜಾಗಗಳ ನಡುವಿನ ಈ ಮರೆ ದಾರಿಯಲ್ಲಿ ಅವು ಹೊತ್ತು ಮುಳುಗುವ ಮೊದಲೇ ಓಡಾಡುತ್ತವೆ. ನವೆಂಬರ್‌ನ ಬೆದೆಗಾಲದಲ್ಲಂತೂ ಗಂಡು ಜಿಂಕೆ ಹೊಲಕ್ಕೆ ಹೋಗಿ ಹುಡುಕುವುದಿಲ್ಲ. ಹೆಣ್ಣು ಮಲಗಿರುವ ಕಡೆಯಿಂದ ಬರುವ ಗಾಳಿಯನ್ನು ಮೂಸುತ್ತಾ ಮರೆಯ ಬದಿಯ ಮೇಲ್ಭಾಗದಲ್ಲೇ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾದು ಹೋಗುತ್ತದೆ. ಆ ದಾರಿ ಈ ಬಾಗನ್ನು ದಾಟಲೇಬೇಕು.

ಈಗ ಗಾಳಿಯ ಪರೀಕ್ಷೆ. ಅದಕ್ಕೆ ನಾವು ಬಳಸಿದ್ದು ಮಿಲ್ಕ್‌ವೀಡ್ ಗಿಡದ ಬೀಜದ ರೇಷ್ಮೆ. ನಮ್ಮ ಎಕ್ಕದ ಗಿಡದ ಕುಟುಂಬದ್ದೇ ಅದು. ಕಾಯಿ ಒಡೆದಾಗ ಒಳಗೆ ಬೆಳ್ಳಗೆ ನಯವಾದ ಎಳೆ, ತುದಿಗೆ ಚಪ್ಪಟೆ ಬೀಜ. ಶರತ್ಕಾಲದಲ್ಲಿ ರಸ್ತೆ ಬದಿಯಲ್ಲಿ ಕೊಯ್ದು ಡಬ್ಬಿಯಲ್ಲಿ ಇಟ್ಟುಕೊಂಡರೆ ಆಯಿತು. ಗಾಳಿಯ ದಿಕ್ಕು ನೋಡಲು ಅಂಗಡಿಯಲ್ಲಿ ಮಾರುವ ಪುಡಿ ಕೈಯಿಂದ ಎರಡು ಅಡಿ ಹೋಗುವಷ್ಟರಲ್ಲಿ ಮಾಯ. ಇದು ನೂರು ಅಡಿ ಹೋದರೂ ಕಣ್ಣಿಗೆ ಕಾಣುತ್ತದೆ, ನಮ್ಮ ವಾಸನೆ ಹೋಗುವ ದಾರಿಯನ್ನೇ ಬರೆದು ತೋರಿಸುತ್ತದೆ.

ಕೊರಕಲಿನ ಪಶ್ಚಿಮ ದಡದಲ್ಲಿ, ಜಾಡಿನ ಬಾಗಿನಿಂದ ಸುಮಾರು 20 ಗಜ ಕೆಳಗೆ ನಿಂತು, ವಾಯುವ್ಯ ಗಾಳಿಯ ಒಂದು ಸಂಜೆ ಒಂದೊಂದೇ ಎಳೆ ಬಿಟ್ಟೆವು. ಮೊದಲು ಆಗ್ನೇಯಕ್ಕೆ ತೇಲಿತು, ಕೊರಕಲಿನ ನೆತ್ತಿಯ ಮೇಲೆ ಬಂತು. ಅಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ನಿಧಾನವಾಗಿ ಕೆಳಗೆ ಇಳಿದು, ಕೊರಕಲಿನ ಒಳಗೇ ತಿರುಗಿ, ಹಳ್ಳದ ಕಡೆ ಹೊರಟುಹೋಯಿತು. ಇನ್ನೊಂದು ಬಿಟ್ಟೆವು, ಅದೂ ಅದೇ ದಾರಿ. ಹೊತ್ತು ಇಳಿದ ಮೇಲೆ ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಜಾರುತ್ತದೆ. ಕೊರಕಲು ಅದಕ್ಕೆ ಸಿದ್ಧವಾದ ಹಾದಿ. ಜಿಂಕೆ ನಡೆಯುವುದು ಮೇಲೆ, ನಮ್ಮ ವಾಸನೆ ಹೋಗುವುದು ಕೆಳಗೆ, ಅದೂ ಜಿಂಕೆ ಕಾಲಿಡದ ಕಡಿದಾದ ಗುಂಡಿಯೊಳಗೆ. ಗೆಳೆಯ ಆ ಎಳೆಗಳನ್ನು ನೋಡುತ್ತಾ ಮಾತೇ ಆಡಲಿಲ್ಲ. ಅಲ್ಲಿಗೆ ಜಾಗ ನಿಶ್ಚಯವಾಯಿತು.

ಆದರೆ ಬಿಸಿಲಿನ ಹೊತ್ತಿನಲ್ಲಿ ಅದೇ ಪರೀಕ್ಷೆ ಬೇರೆ ಉತ್ತರ ಕೊಟ್ಟಿತು. ಗಾಳಿ ಮೆಲ್ಲಗಿದ್ದ ಒಂದು ಬೆಳಗ್ಗೆ, ಹತ್ತು ಗಂಟೆ ದಾಟಿದ ಮೇಲೆ, ಎಳೆ ಕೊರಕಲಿಗೆ ಹೋಗದೆ ಮೇಲಕ್ಕೆ ಎದ್ದು ನೇರ ಜಾಡಿನ ಕಡೆಗೇ ಹತ್ತಿತು. ದಕ್ಷಿಣದ ಇಳಿಜಾರು ಬಿಸಿಲಿಗೆ ಬೇಗ ಕಾಯುತ್ತದೆ, ಬಿಸಿ ಗಾಳಿ ಗುಡ್ಡ ಏರುತ್ತದೆ. ಇದನ್ನು ಗೆಳೆಯ ತನ್ನ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡ: ಬಿಸಿಲಿದ್ದು ಗಾಳಿ ಕಡಿಮೆ ಇದ್ದರೆ ಹತ್ತಕ್ಕೆ ಇಳಿ. ದಕ್ಷಿಣದ ಗಾಳಿ ಇರುವ ದಿನ ಹತ್ತಲೇಬೇಡ.

ಮರ

ಜಾಗ ಸಿಕ್ಕಿದ ಮೇಲೆ ಮರ ಸುಲಭ ಅಂದುಕೊಳ್ಳುತ್ತಾರೆ. ಪಶ್ಚಿಮ ದಡದಲ್ಲಿ ನೇರವಾಗಿ, ಕಂಬದ ಹಾಗೆ ನಿಂತ ಮರ ಒಂದೇ. ಅದು ಆಶ್. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ದುಂಬಿ 2008ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಯಿತು. ಅಲ್ಲಿಂದ ಇಲ್ಲಿಯವರೆಗೆ ಆಶ್ ಮರಗಳನ್ನು ಸಾಲು ಸಾಲಾಗಿ ಕೊಂದಿದೆ. ಇದರ ತೊಗಟೆಯಲ್ಲೂ ಇಂಗ್ಲಿಷಿನ ಡಿ ಅಕ್ಷರದಂಥ ಸಣ್ಣ ತೂತುಗಳು, ಮರಕುಟಿಗ ಕೆದಕಿದ ಬಿಳಿ ಕಲೆಗಳು. ಸತ್ತ ಆಶ್ ಬೇಗ ಪೆಡಸಾಗಿ ಮುರಿಯುತ್ತದೆ. ಅದಕ್ಕೆ ಮನುಷ್ಯನ ಭಾರ ಹಾಕುವ ಮಾತೇ ಇಲ್ಲ. ಜಾಗ ಎಷ್ಟೇ ಚೆನ್ನಾಗಿರಲಿ, ಸತ್ತ ಮರಕ್ಕೆ, ಟೊಳ್ಳು ಮರಕ್ಕೆ ಸ್ಟ್ಯಾಂಡ್ ಕಟ್ಟಬಾರದು.

ಪಕ್ಕದ ಹಿಕರಿಯ ತೊಗಟೆ ಹಪ್ಪಳ ಹಪ್ಪಳವಾಗಿ ಎದ್ದಿತ್ತು. ಪಟ್ಟಿ ಸರಿಯಾಗಿ ಕೂರುವುದಿಲ್ಲ, ಜರುಗಿದಾಗೆಲ್ಲಾ ಕರಕರ ಸದ್ದು. ಅದೂ ಬೇಡ. ಐದಾರು ಹೆಜ್ಜೆ ಕೆಳಗೆ ಒಂದು ಬಿಳಿ ಓಕ್ ಇತ್ತು. ಸ್ವಲ್ಪ ವಾಲಿದೆ, ಆದರೆ ಜೀವ ತುಂಬಿದ ಗಟ್ಟಿ ಮರ. ಅದರ ಕೆಳಗಿನ ಕೊಂಬೆಗಳು ನವೆಂಬರ್‌ನಲ್ಲೂ ಒಣಗಿದ ಎಲೆ ಬಿಡದೆ ಹಿಡಿದಿರುತ್ತವೆ ಅನ್ನುವುದು ಮಾರ್ಚ್‌ನಲ್ಲೇ ಕಾಣುತ್ತಿತ್ತು, ಆಗಲೂ ಕಂದು ಎಲೆಗಳು ತೂಗುತ್ತಿದ್ದವು. ಮೇಪಲ್, ಬಾಸ್‌ವುಡ್ ಎಲ್ಲಾ ಬೋಳಾದ ಮೇಲೆ ಈ ಎಲೆಗಳೇ ಬೆನ್ನಿಗೆ ಮರೆ. ಇದರ ಕಾಯಿಗೆ ಒಗರು ಕಡಿಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉದುರಿದಾಗ ಜಿಂಕೆ ಕೆಂಪು ಓಕ್ ಕಾಯಿ ಬಿಟ್ಟು ಇದನ್ನೇ ಹುಡುಕುತ್ತದೆ. ಅದು ನಾವು ಕೇಳದೆ ಸಿಕ್ಕ ಲಾಭ.

ಎತ್ತರದ ಬಗ್ಗೆ ಒಂದು ಲೆಕ್ಕ ಹಾಕಬೇಕಾಯಿತು. ಜಾಡು ಮರಕ್ಕಿಂತ ಮೇಲಿದೆ. 20 ಗಜದಲ್ಲಿ ನೆಲ ಸುಮಾರು 10 ಅಡಿ ಏರುತ್ತದೆ. ಮರದ ಬುಡದಿಂದ 20 ಅಡಿ ಮೇಲೆ ಕೂತರೂ ಜಾಡಿನಲ್ಲಿರುವ ಜಿಂಕೆಗೆ ನಾವು ಬರೀ 10 ಅಡಿ ಎತ್ತರ. ಮಟ್ಟ ನೆಲದ ಮೇಲೆ 20 ಅಡಿ ಸಾಕು, ಇಳಿಜಾರಿನಲ್ಲಿ ಅದು ಅರ್ಧವಾಗುತ್ತದೆ. ಇನ್ನೂ ಮೇಲೆ ಹೋಗಬಹುದಿತ್ತು, ಆದರೆ ಕೊರಕಲಿನ ದಡದಲ್ಲಿ ಬಿದ್ದರೆ ನೆಲಕ್ಕೆ ನಿಲ್ಲುವುದಿಲ್ಲ, ಗುಂಡಿಗೆ ಹೋಗುತ್ತೇವೆ. ಎತ್ತರಕ್ಕಿಂತ ಮರೆಯನ್ನು ನಂಬಿದೆವು. ಕಾಂಡದ ಪಕ್ಕದ ಎಲೆ ಕೊಂಬೆಗಳನ್ನು ಕಡಿಯದೆ ಬಿಟ್ಟೆವು, ಆಕಾಶದ ಎದುರು ಆಕಾರ ಕಾಣದ ಹಾಗೆ. ಬಾಣ ಹೋಗಲು ಎರಡೇ ಎರಡು ಕಿಂಡಿ ಬಿಡಿಸಿದೆವು. ಸ್ವಂತ ಜಮೀನಾದ್ದರಿಂದ ಕೊಂಬೆ ಕಡಿಯಲು ಅಡ್ಡಿ ಇಲ್ಲ. ಸರ್ಕಾರಿ ಕಾಡಿನಲ್ಲಿ ಹಾಗೆ ಕಡಿಯುವಂತಿಲ್ಲ.

ಯಾವ ಕಡೆ ಮುಖ? ಬಲಗೈ ಬಿಲ್ಲುಗಾರ ಕೂತಲ್ಲಿಂದ ಎಡಕ್ಕೆ ಸುಲಭವಾಗಿ ಹೊಡೆಯುತ್ತಾನೆ, ಬಲಕ್ಕೆ ಪೂರಾ ತಿರುಗಬೇಕು. ಸ್ಟ್ಯಾಂಡನ್ನು ಪೂರ್ವಕ್ಕೆ, ಕೊರಕಲಿನ ಕಡೆಗೆ ಕಟ್ಟಿದೆವು. ಉತ್ತರದ ಜಾಡು ಎಡಗೈಗೆ ಬಂತು. ಪಶ್ಚಿಮದಿಂದ ಬರುವ ಜಿಂಕೆಗೆ ಮರದ ಕಾಂಡವೇ ಅಡ್ಡ, ಅದು ಪಕ್ಕಕ್ಕೆ ಬರುವವರೆಗೆ ನಮ್ಮನ್ನು ನೋಡುವುದಿಲ್ಲ. ಸಂಜೆ ಸೂರ್ಯ ಬೆನ್ನಿಗೆ. ಬೆಳಗ್ಗೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಗಾಳಿಯ ಲೆಕ್ಕವೂ ಸಂಜೆಗೇ ಒಲಿದಿದ್ದರಿಂದ ಇದನ್ನು ಸಂಜೆಯ ಸ್ಟ್ಯಾಂಡ್ ಅಂತ ತೀರ್ಮಾನಿಸಿದೆವು.

ಬೀಳುವ ವಿಷಯ ಒಂದು ಮಾತು. ಇಲ್ಲಿ ಬೇಟೆಗಾರರು ಗಾಯಗೊಳ್ಳುವ ದೊಡ್ಡ ಕಾರಣಗಳಲ್ಲಿ ಮರದಿಂದ ಬೀಳುವುದೂ ಒಂದು, ಮತ್ತು ಎಷ್ಟೋ ಸಲ ಬೀಳುವುದು ಕೂತಾಗ ಅಲ್ಲ, ಹತ್ತುವಾಗ ಇಳಿಯುವಾಗ. ಮೈತುಂಬ ಹಾರ್ನೆಸ್, ಅಂದರೆ ಬಿದ್ದರೆ ಮೈಯನ್ನು ಹಿಡಿದಿಡುವ ಪಟ್ಟಿಗಳು, ಬುಡದಿಂದ ಸ್ಟ್ಯಾಂಡಿನ ಮೇಲಿನವರೆಗೆ ಕಟ್ಟಿದ ಲೈಫ್‌ಲೈನ್ ಹಗ್ಗ. ನೆಲದಲ್ಲೇ ಕೊಕ್ಕೆ ಹಾಕಬೇಕು, ಮತ್ತೆ ನೆಲ ಮುಟ್ಟಿದ ಮೇಲೆಯೇ ಬಿಚ್ಚಬೇಕು. ಬಿಲ್ಲನ್ನು ಹಿಡಿದು ಹತ್ತಬಾರದು, ಹಗ್ಗದಿಂದ ಎಳೆದುಕೊಳ್ಳಬೇಕು. ಹಾರ್ನೆಸ್‌ನಲ್ಲಿ ನೇತಾಡುತ್ತಾ ಇದ್ದರೆ ಕಾಲಿನ ರಕ್ತ ನಿಲ್ಲುತ್ತದೆ, ಅದಕ್ಕೆ ಕಾಲಿಟ್ಟು ಭಾರ ಇಳಿಸುವ ಪಟ್ಟಿ ಜೇಬಿನಲ್ಲಿರಬೇಕು. ಈ ಕಣಿವೆಯಲ್ಲಿ ಫೋನ್ ಸಿಗ್ನಲ್ ಸರಿಯಾಗಿ ಸಿಗದ ಕಾರಣ ಯಾವ ಮರ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಅವನ ಹೆಂಡತಿಗೆ ನಕ್ಷೆಯಲ್ಲಿ ಗುರುತು ಹಾಕಿ ಕೊಟ್ಟಿದ್ದೆವು.

ಹೋಗುವ ದಾರಿ

ಈ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಒಳ್ಳೆಯ ಸ್ಟ್ಯಾಂಡ್ ಅಂದರೆ ಒಳ್ಳೆಯ ಮರ ಅಲ್ಲ, ಕಾರಿನ ಬಾಗಿಲಿನಿಂದ ಆ ಮರದವರೆಗೆ, ಮತ್ತೆ ಅಲ್ಲಿಂದ ಕಾರಿಗೆ ಜಿಂಕೆಗೆ ಗೊತ್ತಾಗದ ದಾರಿ. ಜನ ಹತ್ತು ಮರ ನೋಡುತ್ತಾರೆ, ದಾರಿಯನ್ನು ಒಮ್ಮೆಯೂ ನೋಡುವುದಿಲ್ಲ.

ಕೊರಕಲು ಆ ದಾರಿಯನ್ನೂ ಕೊಟ್ಟಿತು. ರಸ್ತೆಯಿಂದ ರಬ್ಬರ್ ಬೂಟಿನಲ್ಲಿ ಹಳ್ಳ ದಾಟಿ, ನೀರಿನಲ್ಲೇ ಸ್ವಲ್ಪ ದೂರ ನಡೆದು, ಕೊರಕಲಿನ ಬಾಯಿಂದ ಒಳಗೆ. ಪಶ್ಚಿಮದ ಏಣಿನ ಮೇಲೆ ಮಲಗಿದ ಗಂಡಿಗೆ ಹಳ್ಳ ಕಾಣುತ್ತದೆ ಅಂದೆನಲ್ಲ. ಅದಕ್ಕೇ ಕಾರನ್ನು ಪೂರ್ವದ ತಿರುವಿನಾಚೆ ನಿಲ್ಲಿಸುವುದು. ಒಮ್ಮೆ ಕೊರಕಲಿಗೆ ಇಳಿದರೆ ತಲೆಯೂ ಕಾಣುವುದಿಲ್ಲ. ಎರಡೂ ಬದಿಯ ಮಣ್ಣಿನ ಗೋಡೆ ಸದ್ದನ್ನೂ ತಡೆಯುತ್ತದೆ. ತಳದ ಒಣ ಎಲೆಗಳನ್ನು ಆಗಸ್ಟ್‌ನಲ್ಲಿ ಒಮ್ಮೆ, ಎಲೆ ಉದುರಿದ ಮೇಲೆ ಮಳೆ ಬರುತ್ತಿದ್ದ ಒಂದು ದಿನ ಇನ್ನೊಮ್ಮೆ, ಕುಂಟೆಯಿಂದ ಎಳೆದು ಕಾಲುದಾರಿ ಮಾಡಿದೆವು. ಮಳೆಗೆ ಸದ್ದೂ ಮುಚ್ಚಿಹೋಗುತ್ತದೆ, ವಾಸನೆಯೂ ತೊಳೆದುಹೋಗುತ್ತದೆ. ಮೇಲಿನ ತುದಿಯಲ್ಲಿ ದಡ ಹತ್ತಲು ಗುದ್ದಲಿಯಿಂದ ಮೆಟ್ಟಿಲು ಕಡಿದೆವು, ಮರದ ಬುಡಕ್ಕೇ ಬಂದು ನಿಲ್ಲುವ ಹಾಗೆ. ಜಿಂಕೆಯ ಜಾಡನ್ನು ಒಂದು ಕಡೆಯೂ ದಾಟುವುದಿಲ್ಲ, ಮುಟ್ಟುವುದಿಲ್ಲ.

ಸಂಜೆ ವಾಪಸ್ ಬರುವಾಗ ಇನ್ನೂ ಚೆಂದ. ಜಿಂಕೆಗಳು ಆಗ ಮೇಲೆ ಹೊಲದಲ್ಲಿ. ನಾವು ಕೊರಕಲಿಗೆ ಇಳಿದು, ತಣ್ಣನೆ ಗಾಳಿಯ ಜೊತೆಗೇ ಕೆಳಗೆ ಹೋಗಿಬಿಡುತ್ತೇವೆ. ಹಳೆಯ ಏಣಿ ಸ್ಟ್ಯಾಂಡ್‌ನ ಎರಡೂ ತೊಂದರೆ ಇಲ್ಲಿ ಇಲ್ಲ.

ಆ ವರ್ಷ ಏನಾಯಿತು

ಸೆಪ್ಟೆಂಬರ್ ಪೂರ್ತಿ ಗೆಳೆಯ ಅಲ್ಲಿಗೆ ಹೋಗಲಿಲ್ಲ. ಗಾಳಿ ಹೆಚ್ಚಾಗಿ ದಕ್ಷಿಣದ್ದು, ಬಿಸಿ. ಅವನಿಗೆ ಕೈ ಕಡಿಯುತ್ತಿತ್ತು, ಆದರೂ ತಡೆದ. ಅಕ್ಟೋಬರ್ ಕೊನೆಗೆ ಚಳಿ ಬಂದು ಗಾಳಿ ವಾಯುವ್ಯಕ್ಕೆ ತಿರುಗಿದ ಮೊದಲ ಸಂಜೆ ಹತ್ತಿದ. ಇನ್ನೂ ಚೆನ್ನಾಗಿ ಬೆಳಕಿರುವಾಗಲೇ ಪಶ್ಚಿಮದಿಂದ ಮೂರು ಜಿಂಕೆ ಬಂದವು, ಒಂದು ದೊಡ್ಡ ಹೆಣ್ಣು, ಹಿಂದೆ ಆ ವರ್ಷದ ಎರಡು ಮರಿ. ಮರಿಗಳು ಬೆಳೆದು ಚುಕ್ಕೆ ಹೋಗಿತ್ತು. ಕಾಂಡದ ಮರೆ ಇದ್ದುದರಿಂದ ಅವು ಬಾಗಿನಲ್ಲಿ ಕಾಣಿಸಿಕೊಂಡಾಗಲೇ ಅವನಿಗೆ ಗೊತ್ತಾದದ್ದು. ಬಿಲ್ಲು ಎತ್ತಲು ಸಮಯ ಸಾಲಲಿಲ್ಲ. ಅವು ಓಕ್ ಕಾಯಿ ಅಗಿಯುತ್ತಾ ಹೊಲದ ಕಡೆ ಹೋದವು. ತಲೆ ಎತ್ತಿ ಒಮ್ಮೆಯೂ ಮರದ ಕಡೆ ನೋಡಲಿಲ್ಲ ಅನ್ನುವುದೇ ಅವನಿಗೆ ಸಿಕ್ಕ ಉತ್ತರ.

ಮುಂದಿನ ಚಳಿಗಾಳಿಗೆ ಮತ್ತೆ ಹೋದ. ಈ ಸಲ ಒಂಟಿ ಹೆಣ್ಣು, ಪೂರ್ವದಿಂದ. ಅದು ಬಾಗಿನಲ್ಲಿ ನಿಂತು ಹಿಂದೆ ನೋಡಿದಾಗ ಬಾಣ ಬಿಟ್ಟ. ಜಿಂಕೆ ಕೊರಕಲಿನ ಬದಿ ಹಿಡಿದು ಕೆಳಕ್ಕೆ ಓಡಿ ಹಳ್ಳದ ಹತ್ತಿರ ಬಿತ್ತು. ಬೇಲಿಯಿಂದ ದೂರ, ಕಾರಿಗೆ ಹತ್ತಿರ. ಎಳೆಯುವುದೆಲ್ಲಾ ಇಳಿಜಾರಿನಲ್ಲಿ. ಕತ್ತಿನ ಗ್ರಂಥಿಯನ್ನು ಸಿಡಬ್ಲ್ಯೂಡಿ ಪರೀಕ್ಷೆಗೆ ಕೊಟ್ಟು, ಕಾಯಿಲೆ ಇಲ್ಲ ಅಂತ ಬಂದ ಮೇಲೆಯೇ ಮಾಂಸ ಮುಟ್ಟಿದ್ದು. ಈ ಕೌಂಟಿಯಲ್ಲಿ ಹೊಡೆದ ಪ್ರತಿ ಜಿಂಕೆಗೂ ಇದನ್ನು ಮಾಡಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪರೀಕ್ಷೆಗೆ ದುಡ್ಡಿಲ್ಲ, ಬೇಕಾದದ್ದು ತಾಳ್ಮೆ ಅಷ್ಟೇ.

ನವೆಂಬರ್ ಮೊದಲ ವಾರದಲ್ಲಿ ಬೆದೆ ಏರಿತ್ತು. ಬೆದೆಗಾಲದಲ್ಲಿ ಇಡೀ ದಿನ ಕೂರಬೇಕು ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೇವೆ, ಗಂಡು ಯಾವ ಹೊತ್ತಿಗಾದರೂ ಬರಬಹುದು ನಿಜ. ಗೆಳೆಯ ಬೆಳಗ್ಗೆ ಹತ್ತಿ, ಬಿಸಿಲಾದರೂ ಇಳಿಯಲಿಲ್ಲ. ಹನ್ನೊಂದರ ಹೊತ್ತಿಗೆ ದಪ್ಪ ಕತ್ತಿನ ಗಂಡೊಂದು ಮೂಗು ನೆಲಕ್ಕೆ ಹಚ್ಚಿ ಬಾಗಿನ ಹತ್ತಿರ ಬಂತು. ಗಾಳಿ ಬಿದ್ದುಹೋಗಿತ್ತು. ಅದು ಇನ್ನೂ 40 ಗಜ ಇರುವಾಗಲೇ ನಿಂತು, ತಲೆ ಎತ್ತಿ, ಸರಿಯಾಗಿ ಮರದ ಕಡೆ ತಿರುಗಿ, ಬಾಲ ಎತ್ತಿ ಹೊಲದಾಚೆ ಹಾರಿತು. ಮಾರ್ಚ್‌ನಲ್ಲಿ ಮಿಲ್ಕ್‌ವೀಡ್ ಎಳೆ ತೋರಿಸಿದ ದಾರಿಯಲ್ಲೇ ವಾಸನೆ ಹತ್ತಿ ಹೋಗಿತ್ತು. ಮೋಡ ಕವಿದು ಗಾಳಿ ಜೋರಾಗಿ ಬೀಸುವ ದಿನ ಇಲ್ಲಿ ಬೆಳಗಿನಿಂದ ಸಂಜೆವರೆಗೂ ಕೂರಬಹುದು. ಬಿಸಿಲಿನ ಶಾಂತ ದಿನ ಹತ್ತಕ್ಕೆ ಇಳಿಯಲೇಬೇಕು. ಒಂದೇ ಮರಕ್ಕೆ ಎರಡು ಕಾನೂನು.

ಬಂದೂಕಿನ ಋತುವಿಗೆ ಇನ್ನೊಂದು ತೊಡಕು ಎದುರಾಯಿತು. ಸಾಮಾನ್ಯವಾಗಿ ಮರದ ಮೇಲಿಂದ ಹೊಡೆದರೆ ಗುಂಡು ನೆಲಕ್ಕೆ ಇಳಿಯುತ್ತದೆ, ಅದು ಸ್ಟ್ಯಾಂಡಿನ ದೊಡ್ಡ ಸುರಕ್ಷತೆ. ಇಲ್ಲಿ ಜಾಡು ಮೇಲಿರುವುದರಿಂದ ಜಿಂಕೆಯ ಹಿಂದೆ ಇರುವುದು ಗುಡ್ಡದ ಅಂಚು, ಅದರಾಚೆ ಹೊಲ, ಅದರಾಚೆ ಮನೆ. ಬಾಣಕ್ಕೆ ಸರಿಯಾದ ದಿಕ್ಕು ರೈಫಲ್‌ಗೆ ಸರಿಯಲ್ಲ. ಹಾಗಾಗಿ ಆ 9 ದಿನ ಅವನು ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಅದೇ ಮರದಲ್ಲಿ ಕೂತರೂ, ಕೊರಕಲಿನಾಚೆ ಪೂರ್ವದ ಇಳಿಜಾರಿಗೆ ಮಾತ್ರ ಹೊಡೆಯುವುದು, ಅಲ್ಲಿ ಗುಂಡಿಗೆ ಮಣ್ಣಿನ ಗೋಡೆ ಇದೆ. ಉತ್ತರಕ್ಕೆ ಬಂದೂಕು ಎತ್ತುವಂತಿಲ್ಲ, ಎಂಥ ಕೊಂಬೇ ಬಂದು ನಿಲ್ಲಲಿ. ಅದನ್ನು ಮರೆಯದ ಹಾಗೆ ಕಾಂಡಕ್ಕೆ ಆ ಕಡೆ ಕೆಂಪು ಟೇಪ್ ಸುತ್ತಿದ್ದಾನೆ.

ಋತು ಮುಗಿದ ಮೇಲೆ ಪಟ್ಟಿಗಳನ್ನು ಬಿಚ್ಚಿದ. ಮರ ಬೆಳೆಯುತ್ತದೆ, ಬಿಗಿದ ಪಟ್ಟಿ ತೊಗಟೆಗೆ ಕೊರೆದು ತುಂಡಾಗುತ್ತದೆ. ಬಿಸಿಲು ಮಳೆಗೆ ನೂಲೂ ಸವೆಯುತ್ತದೆ. ಹೊಲದ ಅಂಚಿನ ಹಳೆಯ ಏಣಿಯನ್ನೂ ತೆಗೆದುಹಾಕಿದ. ಪಕ್ಕದವರು ಮುಂದಿನ ವರ್ಷ ಮೇಲಿನ ಹೊಲಕ್ಕೆ ಮೆಕ್ಕೆಜೋಳದ ಬದಲು ಆಲ್ಫಾಲ್ಫಾ ಅನ್ನುವ ಮೇವಿನ ಬೆಳೆ ಹಾಕುತ್ತಾರಂತೆ. ಮೇವು ಬದಲಾದರೆ ಸಂಜೆಯ ನಡಿಗೆಯೂ ಬದಲಾಗಬಹುದು, ಬೆದೆಗಾಲದ ದಾರಿ ಬದಲಾಗುವುದು ಕಷ್ಟ. ಮಂಜು ಕರಗಿದ ಮೇಲೆ ಮತ್ತೆ ಇಬ್ಬರೂ ಡಬ್ಬಿ ಹಿಡಿದು ಹೋಗಿ ಆ ಬಾಗನ್ನು ಮೊದಲಿನಿಂದ ನೋಡಬೇಕು.